ಕನ್ನಡಿಗೆ ನಾಲ್ಕು ಮೂಲೆ

ಒಂದೂರಿನಲ್ಲಿ ಒಂದು ಗರಗಸದ ಮಷೀನಿತ್ತಂತೆ. ಅದಕ್ಕೆ ಮರಕ್ಕಿಂತ ಬೆರಳೇ ಹೆಚ್ಚು ರುಚಿಯಂತೆ. ಹೋದ ತಿಂಗಳು ಅದು ಬಡಗಿಯ ಹೆಬ್ಬೆರಳ ತುದಿಯನ್ನು ತಿಂದಿತ್ತು. ಈಗ ಅದರೆದುರು ನಿಂತಿದ್ದವಳು ಅವನ ಮಗಳು, ಮನೆಯವರ ಬಾಯಲ್ಲಿ ಗುಬ್ಬಿ.

ಅಜ್ಜಿಯ ಕನ್ನಡಿಯ ಚೌಕಟ್ಟನ್ನು ಗೆದ್ದಲು ಮುಗಿಸಿತ್ತು. ಆಸ್ಪತ್ರೆಗೆ ಹೊರಟ ಅಜ್ಜಿಗೆ, "ನೀನು ಬರೋಷ್ಟರಲ್ಲಿ ಹೊಸದು ಹಾಕಿಸಿರ್ತೀನಿ" ಎಂದು ಗುಬ್ಬಿ ಮಾತು ಕೊಟ್ಟಿದ್ದಳು. ಹಾಕಿಸುವುದೇನೋ ಸರಿ, ಹಾಕುವವರು ಯಾರು? ಅಪ್ಪನ ಕೈಗೆ ಬ್ಯಾಂಡೇಜು. ಅಜ್ಜಿ ಇವತ್ತು ಸಂಜೆ ಬರುತ್ತಾಳೆ. ಇರುವುದು ಅವಳ ಹಳೆ ಮಂಚದಿಂದ ಬಿಚ್ಚಿದ ಒಂದೇ ತೇಗದ ಪಟ್ಟಿ. ಒಂದು ಕೊಯ್ತ ಕೆಟ್ಟರೂ ಚೌಕಟ್ಟು ಗಿಡ್ಡ.

"ಮೊದಲು ಬೇಡದ ಮರ ಕೊಯ್ಯಿ," ಎಂದ ಅಪ್ಪ, ಸ್ಟೂಲಿನ ಮೇಲಿಂದಲೇ.

ಮಷೀನು ಕಿರುಚಿತು. ಗುಬ್ಬಿಯ ಜೀವ ಬಾಯಿಗೆ ಬಂತು. ಹೇಗೋ ಕೊಯ್ದು, ಎರಡು ಓರೆ ತುದಿಗಳನ್ನು ಜೋಡಿಸಿ, ಮೂಲೆ ಸರಿಯಿದೆಯೇ ಎಂದು ನೋಡಲು ಮೂಲೆಮಟ್ಟದೊಳಗಿಟ್ಟಳು. ಒಳಗೆ ಕೂಡಿದ ಮೂಲೆ ಹೊರಗೆ ಬಾಯಿ ಬಿಟ್ಟಿತ್ತು.

"ಮಷೀನಿನ ಮೇಲಿರೋ ಓರೆ ಗುರುತೇ ತಪ್ಪು, ಅಪ್ಪಾ."

"ಗುರುತು ಸರಿಯಿದೆ. ತೋರ್ಸಿಲ್ಲಿ." ಅಪ್ಪ ಕೊಯ್ದ ಮುಖವನ್ನು ಬೆಳಕಿಗೆ ಹಿಡಿದ. "ಅಲಗು ತಗುಲಿದ ಕೂಡ್ಲೆ ಕಣ್ಣು ಮುಚ್ಕೊಂಡೆ. ಕೈ ಸಡಿಲ ಆಯ್ತು, ಮರ ಜಾರ್ತು."

"ಮುಚ್ಲಿಲ್ಲ."

"ಹೌದೌದು, ಮರಕ್ಕೇ ತೂಕಡಿಕೆ ಬಂದಿರ್ಬೇಕು."

ಗುಬ್ಬಿಗೆ ನಗು ಬರಲಿಲ್ಲ. ಕಣ್ಣು ಬಿಟ್ಟರೆ ಕಾಣುತ್ತಿದ್ದುದು ಮರವಲ್ಲ, ಅವತ್ತು ಗರಗಸದ ಹೊಟ್ಟಿನ ಮೇಲೆ ಹರಡಿದ ಅಪ್ಪನ ರಕ್ತ.

"ಹೆದರಿಕೆ ಆಗುತ್ತೆ, ಅಪ್ಪಾ."

"ಆಗ್ಲಿ. ಅವತ್ತು ನಂಗೆ ಆಗ್ಲಿಲ್ಲ, ಅದ್ಕೇ ಬೆರಳು ಹೋಯ್ತು. ಕ್ಲ್ಯಾಂಪು ಬಿಗಿ ಮಾಡು, ಕೈ ದೂರ ಇಡು. ಹೆದರ್ಕೋ, ಆದ್ರೆ ನೋಡ್ಕೊಂಡು ಹೆದರ್ಕೋ."

ಮತ್ತೊಂದು ಬೇಡದ ತುಂಡು. ರೆಪ್ಪೆ ಅದುರಿತು, ಮುಚ್ಚಲಿಲ್ಲ. ಮೂಲೆ ಕೂಡಿತು.

ಆಮೇಲೆ ತೇಗ. ಎದುರುಬದುರಿನ ಎರಡು ಪಟ್ಟಿಗಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಅಳತೆಗೆಂದು ನಿಲ್ಲಿಸಿದ ಒಂದೇ ಅಡ್ಡತುಂಡಿಗೆ ತಾಗಿಸಿ ಕೊಯ್ದಳು. ಕೊನೆಗೆ ಉಳಿದ ತುಂಡು ಚಿಕ್ಕದು, ಅಲಗು ಕೈಗೆ ತೀರಾ ಹತ್ತಿರ. ಕ್ಲ್ಯಾಂಪನ್ನು ಇನ್ನೊಂದು ಸುತ್ತು ತಿರುಗಿಸಿದಳು. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದು.

"ಅಜ್ಜಿ!" ಎಂದು ತಿರುಗಲು ಹೋದ ಕತ್ತನ್ನು ತಡೆದು ಹಿಡಿದಳು. ಅಲಗು ಇಳಿಯಿತು, ಮೇಲೆ ಬಂತು, ಸುತ್ತಿ ಸುತ್ತಿ ಸುಮ್ಮನಾಯಿತು. ಆಗಷ್ಟೇ ಅವಳು ಉಸಿರು ಬಿಟ್ಟಳು.

ಅಂಟು ಸವರಿ, ಸುತ್ತಲೂ ದಾರ ಬಿಗಿದರು. ಅಪ್ಪ ನಾಲ್ಕನೆಯ ಮೂಲೆಯ ಮೇಲೆ ಉಗುರು ಎಳೆದ, ಅದು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಅಜ್ಜಿಯ ಹೆಜ್ಜೆ ಸದ್ದು ಬಾಗಿಲಿಗೆ ಬರುವಷ್ಟರಲ್ಲಿ ಗುಬ್ಬಿ ಕನ್ನಡಿಯನ್ನು ಚೌಕಟ್ಟಿನೊಳಗೆ ಕೂರಿಸಿದಳು.