ಮತ್ತೆ ಬನ್ನಿ ಎನ್ನದವಳು

ಬೆಳಿಗ್ಗೆಯೇ ನಮ್ಮ ಅಂಗಳಕ್ಕೆ ಗುರುತಿಲ್ಲದವರು ಬಂದರೆ ಅವರು ಔಷಧಿಗೆ ಬಂದವರು. ಹಾಗಾಗಿ ಆ ದಿನ ಬಂದವರನ್ನೂ ಅಜ್ಜಿ ಎಲ್ಲರನ್ನು ಕೇಳುವ ಹಾಗೆಯೇ ಕೇಳಿದಳು.

"ಬಾಯಿಗೇನೂ ಹಾಕ್ಕೊಂಡಿಲ್ಲ ತಾನೇ? ಎಲ್ಲೆದ್ದೈತಪ್ಪ ಸರ್ಪಸುತ್ತು, ಬೆನ್ನಿಗೋ ಪಕ್ಕೆಗೋ?"

ಆತ ಕೈಯಲ್ಲಿದ್ದ ಬಾಟಲಿಯನ್ನು ಅಜ್ಜಿಯ ಕಾಲ ಬುಡಕ್ಕೆ ಎಸೆದರು. ಪ್ಲಾಸ್ಟಿಕ್ಕಿನದು, ಒಡೆಯಲಿಲ್ಲ. ಉರುಳಿಕೊಂಡು ಹೋಗಿ ಒರಳುಕಲ್ಲಿಗೆ ತಾಗಿ ನಿಂತಿತು.

"ತಿಂದು ಬಂದಿದ್ದೀಯಾ ಅಂತ ಕೇಳ್ತೀಯಾ? ನನ್ನೆಂಡ್ತಿ ಕಣ್ಣು ತಿಂದ್ಕೊಂಡವಳು ನೀನು! ಒಂದು ಕಣ್ಣು ಹೋಗ್ಬುಡ್ತಲ್ಲೇ ಮುದುಕಿ!"

ನಾನು ಬಾಟಲಿ ಎತ್ತಿಕೊಂಡೆ. ಅದರ ಮೇಲೆ ಅಜ್ಜಿಯ ಮುಖವಿತ್ತು. ಹಣೆಯ ವಿಭೂತಿ, ಎಡಗೆನ್ನೆಯ ಉಬ್ಬಿದ ನರುಳ್ಳೆ, ಎಲ್ಲವೂ. ಕೆಳಗೆ ಅವಳದೇ ಹೆಸರಲ್ಲಿ 'ಭದ್ರಮ್ಮನ ಸರ್ಪಸುತ್ತು ತೈಲ' ಎಂದು ಬರೆದಿತ್ತು.

ಬಂದಾತನ ಹೆಸರು ಲಿಂಗಪ್ಪ. ಆಲೂರಿನ ಆಚೆಯ ಹಳ್ಳಿಯವರು. ಹೆಂಡತಿ ನಂಜಮ್ಮನ ಹಣೆಯಲ್ಲಿ ಎದ್ದ ಸರ್ಪಸುತ್ತು ಹುಬ್ಬಿನವರೆಗೆ ಇಳಿದಿತ್ತು. ಈ ತೈಲವನ್ನು ತರಿಸಿ ರೆಪ್ಪೆಗೂ ಹಚ್ಚಿದ್ದರು. ಕಣ್ಣು ಉರಿದು ಕೆಂಡವಾದ ಮೇಲೆ ಆಸ್ಪತ್ರೆಗೆ ಓಡಿದರೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರಂತೆ ಡಾಕ್ಟರು.

"ಕಣ್ಣತ್ರ ಎದ್ದಿದ್ರೆ ನಾನು ಮುಟ್ಟದೇ ಇಲ್ಲ ಕಣಪ್ಪ" ಎಂದಳು ಅಜ್ಜಿ. "ಬಸ್ಸು ಹತ್ತು, ಆಸ್ಪತ್ರೆಗೆ ಓಡು ಅಂತೀನಿ. ಊರಿಗೆಲ್ಲ ಗೊತ್ತು."

"ಮುಟ್ಟಲ್ವಾ? ತಗೊ, ನಿನ್ನ ಬಾಯಲ್ಲೇ ಕೇಳು."

ಆತ ಫೋನನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿದರು. ಅದರಲ್ಲಿ ಅಜ್ಜಿ ನಮ್ಮ ಜಗಲಿಯ ಮೇಲೆ ಕುಳಿತು ಸೊಪ್ಪು ಅರೆಯುತ್ತಿದ್ದಳು. ಪಕ್ಕದಲ್ಲಿ ಬಟ್ಟಲು ಹಿಡಿದ ಕೈಯೊಂದು ಕಾಣುತ್ತಿತ್ತು. ಅದು ನನ್ನ ಕೈ, ನನ್ನ ಬಳೆ. ದನಿಯೂ ಅಜ್ಜಿಯದೇ. ಮಾತು ಶುರು ಮಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಅವಳ ಅಭ್ಯಾಸವೂ ಅದರಲ್ಲಿತ್ತು. "ನನಗೆ ವಯಸ್ಸಾಯ್ತು. ಯಾರೂ ಮನೆಗೆ ಬರಬೇಡಿ. ನಾನೇ ನಿಮ್ಮ ಮನೆಗೆ ಕಳಿಸುತ್ತೇನೆ. ಕಣ್ಣಿನ ಮೇಲೆ ಎದ್ದಿದ್ದರೂ ಭಯಬೇಡ, ಆಸ್ಪತ್ರೆಗೆ ಹೋಗಬೇಡಿ. ನನ್ನ ತೈಲ ಹಚ್ಚಿ."

ಅಜ್ಜಿ ಕೊನೆಯವರೆಗೂ ನೋಡಿದಳು.

"ಸೀರೆ ನಂದು" ಎಂದಳು. "ಮಾತು ನಂದಲ್ಲ."

ಮೂರು ತಿಂಗಳಿಂದ ನಮ್ಮ ಮನೆಗೆ ಔಷಧಿಗೆ ಬರುವವರು ಬಹಳ ಕಡಿಮೆಯಾಗಿದ್ದರು. ಕಾಯಿಲೆಯೇ ಕಡಿಮೆಯಾಗಿದೆ, ಒಳ್ಳೆಯದೇ ಆಯಿತು ಎಂದು ಅಜ್ಜಿ ಖುಷಿಪಟ್ಟಿದ್ದಳು.

ನಾನು ಹೊರಗಿನವರ ಎದುರು ಬಾಯಿ ಬಿಡುವವಳಲ್ಲ. ಯಾರಾದರೂ ಬಂದರೆ ಬಾಗಿಲ ಮರೆಯಲ್ಲೇ ನಿಲ್ಲುತ್ತೇನೆ. ಆದರೆ ಆ ವಿಡಿಯೋದ ಕೊನೆಯ ಮಾತು ನನ್ನ ಕಿವಿಯಲ್ಲಿ ಸಿಕ್ಕಿಕೊಂಡಿತ್ತು.

"ಕೊನೇದು ಇನ್ನೊಂದ್ಸಲ ಹಾಕಿ" ಎಂದೆ.

ಲಿಂಗಪ್ಪ ನನ್ನನ್ನು ದುರುಗುಟ್ಟಿ ನೋಡಿ, ಹಾಕಿದರು. "ಗುಣ ಆಯ್ತಾ? ಮತ್ತೆ ಬನ್ನಿ, ಮತ್ತೆ ತರಿಸಿ" ಎಂದಿತು ಅಜ್ಜಿಯ ದನಿ.

"ನಿಮ್ಮ ಕಡೆ ಔಷಧಿ ಕೊಡೋರು ಯಾರಾದ್ರೂ ಮತ್ತೆ ಬನ್ನಿ ಅಂತಾರಾ?"

ನಮ್ಮ ಸೀಮೆಯಲ್ಲಿ ನಾಟಿ ಔಷಧಿ ಕೊಡುವ ಮನೆಗಳಲ್ಲೆಲ್ಲ ಒಂದೇ ಪದ್ಧತಿ. ರೋಗಿಯೇ ಬರಿ ಹೊಟ್ಟೆಯಲ್ಲಿ ಬರಬೇಕು. ಕೊಡುವವರು ಪ್ರತಿಫಲವೆಂದು ಒಂದು ವೀಳ್ಯದೆಲೆಯನ್ನೂ ಮುಟ್ಟಬಾರದು, ಮುಟ್ಟಿದರೆ ಔಷಧಿ ಹಿಡಿಯುವುದಿಲ್ಲ. ಹಚ್ಚಿಸಿಕೊಂಡವರು ಎದ್ದು, ಹೋಗಿಬರುತ್ತೇನೆ ಎನ್ನದೆ, ತಿರುಗಿ ನೋಡದೆ ನಡೆಯಬೇಕು. ಬರುತ್ತೇನೆ ಎಂದರೆ ಅವರ ಜೊತೆ ಕಾಯಿಲೆಯೂ ಬರುತ್ತದೆ. ಅಜ್ಜಿ ನೆಂಟರನ್ನು ಕಳಿಸುವಾಗಲೂ ಆ ಮಾತು ಆಡಲು ಹಿಂದೆಮುಂದೆ ನೋಡುತ್ತಾಳೆ.

"ಅನ್ನಲ್ಲ" ಎಂದರು ಲಿಂಗಪ್ಪ. ಜಗಲಿಯ ಅಂಚಿಗೆ ಕುಸಿದು ಕೂತರು. "ನನಗೂ ನೀನೇ ಹಚ್ಚಿದ್ದೆ ಕಣವ್ವ, ಪಕ್ಕೆಗೆ ಎದ್ದಾಗ. ಮಾತಾಡ್ದೆ ಎದ್ದು ಹೋಗಿದ್ದೆ. ಅದಕ್ಕೇ ಫೋನಲ್ಲಿ ನಿನ್ನ ಮುಖ ಕಂಡ ತಕ್ಷಣ ನಂಬ್ಬುಟ್ಟೆ. ಆ ಮಾತೂ ಕೇಳಿಸ್ತು. ಕೇಳಿಸಿದ್ರೂ ಹೊಳೀಲಿಲ್ಲ. ಫೋನಲ್ಲಿ ಮಾತಾಡೋರೆಲ್ಲ ಹಂಗೇ ತಾನೇ ಅನ್ನದು."

ಬಾಟಲಿಯ ಮೇಲಿದ್ದ ನಂಬರಿಗೆ ನಾನು ಫೋನು ಮಾಡಿದೆ. ಹುಡುಗನೊಬ್ಬ ಬಹಳ ಮರ್ಯಾದೆಯಿಂದ ಮಾತಾಡಿದ.

"ನಮಸ್ಕಾರ ಅಮ್ಮ, ಭದ್ರಮ್ಮನವರ ಆಶ್ರಮದಿಂದ. ಎಲ್ಲಿ ಎದ್ದಿದೆ ಹೇಳಿ?"

ಅಜ್ಜಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ನಾನೇ ಕಣೋ ಭದ್ರಮ್ಮ! ನನ್ನ ಮೈಯಲ್ಲೆಲ್ಲ ಎದ್ದೈತೆ. ಯಾವನೋ ನೀನು?"

ಆ ಕಡೆ ಅವನು ನಕ್ಕ. "ಹಂಗಾದ್ರೆ ನಿಮಗೆ ಡಿಸ್ಕೌಂಟ್ ಐತೆ ಅಜ್ಜಿ. ಎಷ್ಟು ಬಾಟಲಿ ಕಳಿಸ್ಲಿ?"

ಅಜ್ಜಿ ಬೈಯಲು ಶುರುಮಾಡುವ ಹೊತ್ತಿಗೆ ಫೋನಿಟ್ಟಿದ್ದ. ಮತ್ತೆ ಮಾಡಿದರೆ ನಮ್ಮ ನಂಬರಿನಿಂದ ಕರೆ ಹೋಗಲೇ ಇಲ್ಲ.

ಆ ವಿಡಿಯೋ ಎಲ್ಲಿಂದ ಬಂತು ಎನ್ನುವುದು ನನಗೆ ನನ್ನ ಕೈ ಕಂಡಾಗಲೇ ತಿಳಿದಿತ್ತು. ಹೊಂಗಡಹಳ್ಳದ ರಸ್ತೆಯಲ್ಲಿ ಫೆಲಿಕ್ಸ್ ಸಾವ್ಕಾರ್ರ ಹೋಂಸ್ಟೇ ಇದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಯೇ ಅಡುಗೆಮನೆ ಕೆಲಸಕ್ಕೆ ಸೇರಿದ್ದು. ಕಳೆದ ಬೇಸಿಗೆಯಲ್ಲಿ ಅವರು ಗೆಸ್ಟುಗಳನ್ನು ನಮ್ಮ ಮನೆಗೆ ಕರೆತಂದು, ಹಳ್ಳಿ ವೈದ್ಯ ನೋಡಿ ಎಂದು ತೋರಿಸಿದ್ದರು. ಅವರಲ್ಲೊಬ್ಬ ಎಲ್ಲವನ್ನೂ ಫೋನಿನಲ್ಲಿ ಹಿಡಿಯುತ್ತಲೇ ಇದ್ದ. ಅಜ್ಜಿ ಅವರಿಗೆಲ್ಲ ಮಜ್ಜಿಗೆ ಕೊಟ್ಟಿದ್ದಳು.

ದಿನಾ ನೋಡುವ ಹೋಂಸ್ಟೇ ಬಂಗಲೆಯ ಗೇಟಿನ ಬೋರ್ಡನ್ನು ಆ ದಿನ ನಿಂತು ಓದಿದೆ. 'ಇದು ಖಾಸಗಿ ಸ್ಥಳ. ಅನುಮತಿಯಿಲ್ಲದೆ ಫೋಟೋ, ವಿಡಿಯೋ ತೆಗೆಯಬಾರದು.'

ಸಾವ್ಕಾರ್ರಿಗೆ ಬಾಟಲಿ, ವಿಡಿಯೋ ಎರಡನ್ನೂ ತೋರಿಸಿದೆ.

"ಅಯ್ಯೋ ದೇವರೇ. ಇದು ನಮ್ಮ ಹೋಂಸ್ಟೇ ಪೇಜಿನಿಂದ ಯಾರೋ ಕದ್ದದ್ದು ಮಾನಸಾ. ಈಗ ದನಿಯನ್ನೂ ಕಂಪ್ಯೂಟರಲ್ಲಿ ಮಾಡ್ಲಿಕ್ಕೆ ಆಗ್ತದೆ, ಬೇರೆ ಮಾತು ಸೇರಿಸಿದ್ದಾರೆ. ಆ ಗೆಸ್ಟ್ ಕಳಿಸಿದ್ದನ್ನು ನಾನು ಒಳ್ಳೇದಕ್ಕೇ ಹಾಕಿದ್ದು ಮಾರಾಯ್ತಿ. ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತ."

"ಅಜ್ಜಿನ ಕೇಳಿದ್ರಾ?"

"ಕೇಳ್ಲಿಕ್ಕೆ ಎಂತ ಉಂಟು? ನಗ್ತಾ ಇದ್ರಲ್ಲ ಅವ್ರು."

"ನಿಮ್ಮ ಗೇಟಲ್ಲಿ ಬೋರ್ಡ್ ಐತಲ್ಲ ಸಾವ್ಕಾರ್ರೆ" ಎಂದೆ. "ನಮ್ಮನೆಗೆ ಗೇಟಿಲ್ಲ."

ಅವರು ತಮ್ಮ ಪೇಜಿನಿಂದ ಅದನ್ನು ಕೂಡಲೇ ತೆಗೆದುಹಾಕಿದರು. ಠಾಣೆಗೂ ನಮ್ಮ ಜೊತೆ ಬಂದರು. ದೂರು ಬರೆದುಕೊಂಡವರು, ನಂಬರು ಬೇರೆ ಯಾವುದೋ ರಾಜ್ಯದ್ದು, ಹುಡುಕಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಫೋನಿನಲ್ಲಿ ಆ ವಿಡಿಯೋ ತೋರಿಸುತ್ತಿರುವ ಆ್ಯಪಿನ ಕಂಪನಿಗೂ ತಿಳಿಸಿ ಎಂದರು.

ಕಂಪನಿಗೆ ತಿಳಿಸುವುದೆಂದರೆ ಒಬ್ಬ ಮನುಷ್ಯನಿಗೆ ಹೇಳುವುದಲ್ಲ. ವಿಡಿಯೋದ ಮೂಲೆಯ ಮೂರು ಚುಕ್ಕೆ ಒತ್ತಿದರೆ ಕಾರಣ ಆರಿಸು ಎನ್ನುತ್ತದೆ. ಇಷ್ಟವಿಲ್ಲ, ಅಸಭ್ಯವಾಗಿದೆ, ಸುಳ್ಳು ಸುದ್ದಿ, ಮೋಸ. ಇದರಿಂದ ಒಬ್ಬರ ಕಣ್ಣು ಹೋಗಿದೆ ಎಂದು ಬರೆಯಲು ಜಾಗವೇ ಇರಲಿಲ್ಲ. ಮೋಸ ಎನ್ನುವುದನ್ನು ಒತ್ತಿದೆ. ಮಾರನೆಯ ದಿನ ಉತ್ತರ ಬಂತು. 'ನಿಮ್ಮ ದೂರನ್ನು ಪರಿಶೀಲಿಸಿದ್ದೇವೆ. ಈ ಜಾಹೀರಾತು ನಮ್ಮ ಸಮುದಾಯದ ನಿಯಮಗಳನ್ನು ಮೀರಿಲ್ಲ. ನಿಮಗೆ ಇಷ್ಟವಾಗದಿದ್ದರೆ ಇಂಥವುಗಳನ್ನು ಕಡಿಮೆ ತೋರಿಸುತ್ತೇವೆ.'

ಕಡಿಮೆಯೂ ಆಗಲಿಲ್ಲ. ದೂರು ಕೊಡಲೆಂದು ಮತ್ತೆಮತ್ತೆ ನೋಡಿದ್ದಕ್ಕೆ, ಇವಳಿಗೆ ಇದರ ಮೇಲೆ ಬಹಳ ಆಸೆ ಎಂದುಕೊಂಡಿತೋ ಏನೋ, ನನ್ನ ಫೋನಿನ ತುಂಬ ತೈಲಗಳು ಬಂದವು. ಮಂಡಿನೋವಿಗೆ, ಕೂದಲಿಗೆ, ಸಕ್ಕರೆ ಕಾಯಿಲೆಗೆ. ನಡುನಡುವೆ ಅಜ್ಜಿ. ಒಲೆಯ ಮುಂದೆ ಕೂತ ಅಜ್ಜಿಯ ಎದುರು ಫೋನಿನ ಅಜ್ಜಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ನನಗೆ ಆ ಫೋನನ್ನು ಒರಳಿಗೆ ಹಾಕಿ ಜಜ್ಜಬೇಕು ಎನಿಸುತ್ತಿತ್ತು.

ಫೆಲಿಕ್ಸ್ ಸಾವ್ಕಾರ್ರು ಇನ್ನೊಂದು ದಾರಿ ಹುಡುಕಿಕೊಂಡು ಬಂದರು. ಅದು ತನ್ನದೇ ಮುಖ ಎಂದು ಅಜ್ಜಿ ಸಾಬೀತು ಮಾಡಿದರೆ ಕಂಪನಿಯವರು ಮತ್ತೆ ನೋಡುತ್ತಾರಂತೆ. ಆಧಾರ್ ಕಾರ್ಡಿನ ಎರಡೂ ಕಡೆಯ ಫೋಟೋ ಕಳಿಸಬೇಕು. ಆಮೇಲೆ ಫೋನಿನ ಎದುರು ಕೂತು ಮುಖವನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಿರುಗಿಸಿ ತೋರಿಸಬೇಕು.

"ಆಮೇಲೆ ತೆಗೀತಾರಾ?" ಎಂದು ಕೇಳಿದಳು ಅಜ್ಜಿ.

"ಹೇಳ್ಲಿಕ್ಕೆ ಆಗುದಿಲ್ಲ ಭದ್ರಮ್ಮ. ಪರಿಶೀಲಿಸ್ತಾರೆ."

"ನನ್ನ ಮುಖ ಕದ್ದವನಿಗೆ ಈ ಎಡಬಲ ಎಲ್ಲ ಕೇಳಿದ್ರಾ? ಆಧಾರ್ ಕಾರ್ಡ್ ಕೇಳಿದ್ರಾ?"

ಅಜ್ಜಿ ಸಾವ್ಕಾರ್ರ ಕೈಯಲ್ಲಿದ್ದ ಫೋನನ್ನು ಪಕ್ಕಕ್ಕೆ ತಳ್ಳಿದಳು.

"ಕಳ್ಳನ್ನ ಏನೂ ಕೇಳದೆ ಕಾಸು ಇಸ್ಕೊಂಡು ಒಳಗೆ ಬುಟ್ಕೊಂಡವ್ರೆ. ಮನೆಯವಳು ಬಾಗಿಲಲ್ಲಿ ನಿಂತು ಗುರುತು ತೋರಿಸ್ಬೇಕಾ? ಒಂದು ಕಡೆ ಮುಖ ಸಿಕ್ಕಿದ್ದಕ್ಕೇ ಇಷ್ಟು ಮಾಡಿದ್ರಲ್ಲ, ಸುತ್ತಾ ತಿರುಗಿಸಿ ಕೊಟ್ರೆ ಇನ್ನೇನು ಮಾಡಾಕಿಲ್ಲ ಅವ್ರು? ಕೊಡಾಕಿಲ್ಲ ನಾನು."

ಅವಳು ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದವಳೇ ಪೆಟ್ಟಿಗೆಯಿಂದ ವಿಡಿಯೋದಲ್ಲಿದ್ದ ಅದೇ ಕಂದು ಸೀರೆಯನ್ನು ತೆಗೆದು ಉಟ್ಟಳು.

"ಆಲೂರು ಸಂತೆಗೆ ಹೋಗಾನ ನಡಿ ಮಗ. ಲಿಂಗಪ್ಪಂಗೆ ಫೋನು ಮಾಡು, ಹೆಂಡ್ತಿನೂ ಕರ್ಕೊಂಡು ಬರಕ್ಕೇಳು."

ಸಂತೆಯಲ್ಲಿ ಲಿಂಗಪ್ಪ ಶುಂಠಿ ಮಾರುವ ಜಾಗವಿತ್ತು. ನಂಜಮ್ಮ ಮೂಟೆಯ ಪಕ್ಕದಲ್ಲಿ ಕೂತಿದ್ದರು, ಬಲಗಣ್ಣಿಗೆ ಬಿಳಿ ಬಟ್ಟೆ. ಅಜ್ಜಿ ಅವರ ಎದುರು ಕುಕ್ಕರುಗಾಲಲ್ಲಿ ಕೂತಳು.

"ನೀನೇ ಅಲ್ವಾ ಆ ಫೋನಲ್ಲಿರೋಳು?" ಎಂದರು ನಂಜಮ್ಮ.

"ಅಲ್ಲ ಕಣವ್ವ."

"ದನಿ ಅದೇ ಐತೆ." ಅವರು ಉಳಿದ ಕಣ್ಣನ್ನು ಕಿರಿದು ಮಾಡಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ ಅವಳ ಕೆನ್ನೆಯ ನರುಳ್ಳೆಯನ್ನು ಬೆರಳಲ್ಲಿ ಮುಟ್ಟಿದರು. "ಹಂಗಾದ್ರೆ ಸಂತೆಗೆಲ್ಲ ಹೇಳು. ನಾನೂ ನಿಂತ್ಕೊತೀನಿ."

ಅಜ್ಜಿ ಎದ್ದು ನಿಂತು ಕೂಗಿದಳು. ಸೊಪ್ಪು ಮಾರುವವರ ಕೂಗಿಗಿಂತ ಜೋರಾಗಿ. "ನಾನು ಭದ್ರಮ್ಮ. ಸರ್ಪಸುತ್ತಿನ ಔಷಧಿ ಕೊಡೋಳು. ನಾನು ಯಾವ ತೈಲನೂ ಮಾರಲ್ಲ! ಫೋನಲ್ಲಿರೋಳು ನಾನಲ್ಲ! ಕಣ್ಣತ್ರ ಎದ್ರೆ ಆಸ್ಪತ್ರೆಗೋಗಿ, ಇವಳ ಕಣ್ಣು ನೋಡಿ!" ನಂಜಮ್ಮ ಬಟ್ಟೆ ಸರಿಸಿ ತೋರಿಸಿದರು. ಜನ ಸೇರಿದರು. ಒಬ್ಬ ಹೆಂಗಸು ಓಡಿಬಂದು, ಅಯ್ಯೋ ನಮ್ಮತ್ತೆಗೆ ನಿನ್ನೆ ತಾನೇ ಬಾಟಲಿ ಬಂತು, ಹಚ್ಚಿಲ್ಲ, ಹಚ್ಚಿಲ್ಲ ಎಂದು ಎದೆ ಮುಟ್ಟಿಕೊಂಡಳು.

ಅಷ್ಟರಲ್ಲಿ ಫೋನುಗಳು ಮೇಲೆದ್ದವು. ಒಂದು, ಎರಡು, ಆಮೇಲೆ ಸುತ್ತಲೂ. ಅಜ್ಜಿ ಈ ಕಡೆ ತಿರುಗಿದಳು, ಆ ಕಡೆ ತಿರುಗಿದಳು. ಎಡಕ್ಕೆ, ಬಲಕ್ಕೆ.

ನಾನು ಅವಳ ಮುಂದೆ ಬಂದು ನಿಂತೆ.

"ಫೋನು ಕೆಳಗಿಡ್ರೀ!" ಎಂದು ಕಿರುಚಿದೆ. ಮುಂದೆ ನಿಂತವನ ಫೋನಿನ ಮೇಲೆ ನನ್ನ ಅಂಗೈ ಒತ್ತಿದೆ.

"ಏ, ಒಳ್ಳೇದಕ್ಕೇ ಕಣವ್ವ" ಎಂದ ಅವನು. "ಹಾಕಿದ್ರೆ ನಾಲ್ಕು ಜನಕ್ಕೆ ಗೊತ್ತಾಯ್ತದೆ."

"ನಾಲ್ಕು ಜನಕ್ಕೆ ಬಾಯಲ್ಲಿ ಹೇಳಿ! ನಿಮ್ಮ ಮನೇಲಿ ಹೇಳಿ, ಬಸ್ಸಲ್ಲಿ ಹೇಳಿ! ಇವಳ ಮುಖ ಇನ್ನೊಂದ್ಸಲ ಅದರೊಳಗೆ ಹಾಕ್ಬೇಡಿ!"

ಸಂತೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಕೈ ತೆಗೆಯಲಿಲ್ಲ. ಕೆಲವರು ಫೋನನ್ನು ಜೇಬಿಗೆ ಹಾಕಿಕೊಂಡರು. ಕೆಲವರು ಹಾಕಿಕೊಳ್ಳಲಿಲ್ಲ, ಅವರು ನನ್ನನ್ನೂ ಫೋನಿನೊಳಗೆ ಹಿಡಿದುಕೊಂಡರು ಎಂದು ನನಗೆ ಗೊತ್ತು.

ಹೊರಡುವಾಗ ನಂಜಮ್ಮ ಅಜ್ಜಿಯ ಕೈ ಹಿಡಿದು ಒಂದು ಗಳಿಗೆ ನಿಂತರು. ಆಮೇಲೆ ಬಿಟ್ಟು, ಏನೂ ಹೇಳದೆ, ತಿರುಗಿ ನೋಡದೆ ನಡೆದರು. ಔಷಧಿ ಹಚ್ಚಿಸಿಕೊಂಡವರ ಹಾಗೆ.

ಮನೆಗೆ ಮರಳುವ ಸಕಲೇಶಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಜ್ಜಿಗೆ ಜೋಂಪು ಹತ್ತಿತ್ತು. ಬಸ್ಸು ಆಲೂರು ದಾಟಿದ ಮೇಲೆ, ಮುಂದಿನ ಯಾವುದೋ ಸೀಟಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಅವಳದೇ ದನಿ ಕೇಳಿಸಿತು. "ನನಗೆ ವಯಸ್ಸಾಯ್ತು. ಯಾರೂ ಮನೆಗೆ ಬರಬೇಡಿ..."

ಅಜ್ಜಿ ಕಣ್ಣು ಬಿಟ್ಟಳು. ನಾನು ತಡೆಯಲು ಕೈ ಚಾಚಿ, ಹಿಂದಕ್ಕೆಳೆದುಕೊಂಡೆ. ಅವಳು ಕಂಬಿಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತ ಮುಂದೆ ಹೋಗಿ, ಫೋನು ಹಿಡಿದಿದ್ದ ಗಂಡಸಿನ ಪಕ್ಕದಲ್ಲಿ ನಿಂತಳು.

"ಅದನ್ನ ಬುಡಪ್ಪ. ಇತ್ತಗೆ ನೋಡು, ನನ್ನ ಮುಖ ನೋಡು."

ಬಸ್ಸು ತಿರುವಿನಲ್ಲಿ ವಾಲಿತು. ಆತ ಫೋನು ನೋಡಿದ, ಅವಳನ್ನು ನೋಡಿದ, ಮತ್ತೆ ಫೋನು ನೋಡಿದ.

"ಕೂತ್ಕೊ ಅಜ್ಜಿ, ಬಿದ್ದೀಯ!" ಎಂದು ಕಂಡಕ್ಟರ್ ಕೂಗಿದ.

"ಕೂರಾಕಿಲ್ಲ" ಎಂದಳು ಅಜ್ಜಿ.

ನಾನೂ ಎದ್ದು ಹೋಗಿ ಅವಳ ಪಕ್ಕದಲ್ಲಿ ನಿಂತೆ.