ಗೋಡೆಗೆ ಕೈಯಿಟ್ಟು ಮಾತಾಡುವ ಗುರುಪಾದಪ್ಪ ಕಾಕಾ

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮರಾಠಿ ಶಾಲೆಯಲ್ಲಿ ಒಂಬತ್ತನೆಯ ತರಗತಿಯವರೆಗೆ ಓದಿ ಬಿಟ್ಟವಳು ನಾನು. ಕನ್ನಡ ಬರೆಯುವಾಗಲೂ ಕೈ ತಾನಾಗಿಯೇ ಅಕ್ಷರಗಳ ನೆತ್ತಿಯ ಮೇಲೆ ಮರಾಠಿಯ ಗೆರೆ ಎಳೆದುಬಿಡುತ್ತದೆ, ಆಮೇಲೆ ರಬ್ಬರಿನಿಂದ ಉಜ್ಜಬೇಕಾಗುತ್ತದೆ. ನಮ್ಮ ಕನ್ನಡ ಸಂಘದ ಕೈಬರಹದ ಪತ್ರಿಕೆಯ ಈ ಪುಟಗಳಲ್ಲಿ ಎಲ್ಲಿಯಾದರೂ ಕಾಗದ ಸವೆದು ತೆಳ್ಳಗಾಗಿದ್ದರೆ ಅಲ್ಲಿ ನಾನು ಗೆರೆ ಉಜ್ಜಿದ್ದೇನೆಂದು ತಿಳಿದು ಓದುವವರು ಕ್ಷಮಿಸಬೇಕು. ಪದಗಳೂ ನನ್ನಲ್ಲಿ ಕಡಿಮೆ. ಗುರುಪಾದಪ್ಪ ಕಾಕಾ ಅವರನ್ನು ಕುರಿತು ಬಲ್ಲವರು ಯಾರಾದರೂ ಬರೆಯಲಿ ಎಂದು ಕಾದೆ. ಆದರೆ ಬರೆಯಬಲ್ಲವರಲ್ಲಿ ಅರ್ಧ ಜನ ಈಗ ಅವರೊಡನೆ ಮಾತು ಬಿಟ್ಟಿದ್ದಾರೆ.

ಕಾಕಾ ಹಿಂದಕ್ಕೆ ನಡೆಯುತ್ತಾರೆ. ನಾಗಪುರದ ಮಹಾಲ್ ಭಾಗದ ಇಕ್ಕಟ್ಟಾದ ಗಲ್ಲಿಗಳಲ್ಲಿ, ಭಾನುವಾರ ಬೆಳಿಗ್ಗೆ, ಹಾಲಿನ ಸೈಕಲ್ಲು, ಮಲಗಿದ ಆಕಳು, ನಳದ ಕೆಳಗೆ ಸಾಲಾಗಿಟ್ಟ ಬಕೆಟ್ಟುಗಳ ನಡುವೆ, ಅರವತ್ತೇಳು ವರ್ಷದ ಮನುಷ್ಯರೊಬ್ಬರು ಖಾಕಿ ಕೋಟು ತೊಟ್ಟು, ಬೆನ್ನನ್ನು ದಾರಿಗೂ ಮುಖವನ್ನು ಜನರಿಗೂ ಕೊಟ್ಟು, ಒಂದೊಂದೇ ಹೆಜ್ಜೆ ಹಿಂದಿಡುತ್ತ, ಭೋಸಲೆಯರ ಕಾಲದ ಮನೆಗಳ ಕಥೆ ಹೇಳುತ್ತ ಹೋಗುವುದನ್ನು ನೋಡಿದವರು ಮೊದಲು ನಗುತ್ತಾರೆ. ಅಂಗಡಿಯವರು ಕೂಗುತ್ತಾರೆ: "ಕಾಕಾ, ಮಾಗೆ ಗಾಯ್!" ಹಿಂದೆ ಆಕಳು ಎಂದರೆ ಕಾಕಾ ತಿರುಗಿ ನೋಡದೆಯೇ ಬಲಕ್ಕೆ ಒಂದು ಮೊಳ ಸರಿದು, ಹೇಳುತ್ತಿದ್ದ ವಾಕ್ಯವನ್ನು ಮುಗಿಸುತ್ತಾರೆ. ಒಂಬತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ಎಡವಿಲ್ಲವಂತೆ. ಇದು ಕೇಳಿದ್ದು, ನಾನು ಕಂಡದ್ದು ಎರಡೂವರೆ ವರ್ಷ ಮಾತ್ರ.

ಈ ಕಂಡದ್ದು, ಕೇಳಿದ್ದು ಎನ್ನುವ ಭೇದವೂ ಅವರಿಂದಲೇ ಬಂದದ್ದು. ಕಾಕಾ ಗಜೇಂದ್ರಗಡದ ಕಡೆಯವರು. ರೈಲಿನ ಅಂಚೆ ಬೋಗಿಯಲ್ಲಿ ನಿಂತುಕೊಂಡೇ ಕಾಗದಗಳನ್ನು ಊರಿನ ಪ್ರಕಾರ ಗೂಡುಗಳಿಗೆ ಹಾಕುವ ನೌಕರಿಯಲ್ಲಿ ಮೂವತ್ತೈದು ವರ್ಷ ಕಳೆದವರು. ನಿವೃತ್ತರಾಗಿ ಲಕ್ಷ್ಮೀನಗರದಲ್ಲಿ ಮನೆ ಮಾಡಿದ ಮೇಲೆ ಆ ಕೈಗೆ ಕೆಲಸವಿಲ್ಲದಂತಾಗಿ, ಊರಿನ ಕಥೆಗಳನ್ನೇ ಗೂಡುಗಳಿಗೆ ಹಾಕತೊಡಗಿದರೆಂದು ಅವರ ಹೆಂಡತಿ ಗಿರಿಜವ್ವ ಕಾಕು ನಗುತ್ತ ಹೇಳುತ್ತಾರೆ. ತಾವೇ ಅಳೆದು ನೋಡಿದ, ಕಾಗದದಲ್ಲಿ ಓದಿದ, ಮನೆಯವರ ಬಾಯಿಂದಲೇ ತಿಳಿದ ಸಂಗತಿಯನ್ನು ಹೇಳುವಾಗ ಕಾಕಾ ಬಲ ಅಂಗೈಯನ್ನು ಗೋಡೆಗೋ ಕಂಬಕ್ಕೋ ಒತ್ತಿ ಹಿಡಿಯುತ್ತಾರೆ. ಬರೀ ಊರ ಮಂದಿ ಆಡಿಕೊಳ್ಳುವ ಮಾತಾದರೆ ಎರಡೂ ಕೈ ಕೋಟಿನ ಕಿಸೆಯೊಳಗೆ ಹೋಗುತ್ತವೆ. ಮರಾಠಿಯಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ ಈ ಕ್ರಮ ತಪ್ಪುವುದಿಲ್ಲ. ಒಂದು ವಾಡಾದಲ್ಲಿ, ಎಂದರೆ ಚೌಕದ ಅಂಗಳವಿರುವ ಹಳೆಯ ದೊಡ್ಡ ಮನೆಯಲ್ಲಿ, ಬಾವಿಯ ತಳದಿಂದ ಕೋಟೆಯವರೆಗೆ ಸುರಂಗವಿದೆಯೆಂದು ಜನ ಹೇಳುತ್ತಾರೆ. ಆ ಬಾವಿಯ ಹತ್ತಿರ ಬಂದರೆ ಕಾಕಾ ಕೈಗಳು ಕಿಸೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತಿದ್ದವೆಂದರೆ ಕೋಟಿನ ಹೊಲಿಗೆ ಬಿಟ್ಟಿತ್ತು.

ಒಮ್ಮೆ ಕಾಲೇಜಿನ ಹುಡುಗನೊಬ್ಬ, "ಸುರಂಗ ಇದೆ ಅಂತ ಸುಮ್ಮನೆ ಹೇಳಿಬಿಡಿ ಕಾಕಾ, ಮಜಾ ಬರುತ್ತೆ" ಎಂದ. ಕಾಕಾ, "ಧಾರವಾಡದ ಕಾಗದ ದಾಮೋಹ ಊರಿನ ಗೂಡಿನ್ಯಾಗ ಹಾಕಿದ್ರೂ ಮಜಾ ಬರತೈತಿ, ತಮ್ಮಾ. ಬರೀಲಿಕ್ಕೆ ಹತ್ತಿದ ತಾಯಿಗೆ ಬರೂದಿಲ್ಲ" ಎಂದರು.

ಇಂಥವರು ಒಂದೇ ಒಂದು ಮನೆಯ ವಿಷಯದಲ್ಲಿ ತಪ್ಪಿದ್ದರು.

ನಡಿಗೆಯ ಕೊನೆಯ ಮನೆ ಅದು. ತೇಗದ ಕಂಬಗಳು, ಕಂಬದ ತಲೆಯಲ್ಲಿ ಕಮಲ, ಹೊರಜಗುಲಿಯ ಗೋಡೆಯಲ್ಲಿ ಕೆತ್ತಿದ ಮರದ ಹೂಗಳ ಒಂದು ಸಾಲು. ೧೯೮೧ರಲ್ಲಿ ಒಬ್ಬ ಟಾಂಗಾದವನು ಅದರ ಹೆಸರನ್ನು ಅವಸರದಲ್ಲಿ ಹೇಳಿದ್ದನ್ನು ಕಾಕಾ 'ಕಾನಡಾ ವಾಡಾ' ಎಂದು ಕೇಳಿಸಿಕೊಂಡರು. ಕಾನಡಾ ಎಂದರೆ ಮರಾಠಿಯಲ್ಲಿ ಕನ್ನಡ. ಊರು ಬಿಟ್ಟು ಬಂದವರ ಕಿವಿಗೆ ಒಂದು ಹಸಿವಿರುತ್ತದೆ. ನಮ್ಮದೆಂಬ ಒಂದು ಸದ್ದು ಬಿದ್ದರೆ ಸಾಕು, ಅಗಿಯದೆ ನುಂಗಿಬಿಡುತ್ತದೆ. ಕಂಬದ ಕಮಲಗಳು ನಮ್ಮ ಕಡೆಯವುಗಳ ಹಾಗೆಯೇ ಕಂಡವು. ನಮ್ಮ ಬಡಿಗರು ಇಲ್ಲಿಯವರೆಗೆ ಬಂದು ಕಟ್ಟಿದ ಮನೆ ಇದು ಎಂದು ಕಾಕಾ ನಂಬಿದರು, ನಂಬಿ ಬಾಗಿಲಿನ ಚೌಕಟ್ಟಿಗೆ ಅಂಗೈ ಒತ್ತಿದರು.

ಆ ಮನೆಯಿಂದಾಗಿಯೇ ಅವರ ನಡಿಗೆಗೆ ಜನ ಬಂದರು. ಮೊದಲೆಲ್ಲ ಇಬ್ಬರು ಮೂವರು ಬರುತ್ತಿದ್ದರಂತೆ. ಕನ್ನಡಿಗರ ವಾಡಾ ಇದೆ ಎಂಬ ಸುದ್ದಿ ಹಬ್ಬಿದ ಮೇಲೆ ಗಾಂಧಿಬಾಗಿನ ಬಟ್ಟೆ ವ್ಯಾಪಾರಿಗಳು, ಕಾಮಠಿಯ ದಂಡಿನ ಮನೆಗಳವರು, ಸರಕಾರಿ ನೌಕರರು, ಮಕ್ಕಳುಮರಿ ಕಟ್ಟಿಕೊಂಡು ಬಂದರು. ಬಾಗಿಲ ಮುಂದೆ ನಿಂತಾಗ ಅವರ ಬೆನ್ನು ನೆಟ್ಟಗಾಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಸಂಘದ ಕಾರ್ಯದರ್ಶಿ ಶಂಕರಪ್ಪನವರು ಈ ವರ್ಷದ ರಾಜ್ಯೋತ್ಸವದ ದಿನ, ನವೆಂಬರ್ ಒಂದಕ್ಕೆ, ಅಲ್ಲೊಂದು ಕಲ್ಲು ಹಾಕಿಸುವುದೆಂದು ನಿಶ್ಚಯಿಸಿದರು. 'ಕನ್ನಡಿಗರು ಕಟ್ಟಿದ ಮನೆ' ಎಂದು ಅಮೃತಶಿಲೆಯಲ್ಲಿ ಅಕ್ಷರ ಕೆತ್ತಿಸಿದ್ದೂ ಆಯಿತು.

ಸೆಪ್ಟೆಂಬರಿನ ಕೊನೆಯ ಭಾನುವಾರ ಕಾಮಠಿಯಿಂದ ಬಂದಿದ್ದ ದೇಚಮ್ಮ ಆಂಟಿಗೆ ಬಿಸಿಲಿಗೆ ತಲೆ ತಿರುಗಿತು. ನಾನು ಅವರ ಕೈಹಿಡಿದು ನೀರು ಕೇಳಲು ಆ ಮನೆಯ ಒಳಗೆ ಹೋದೆ. ಹೊರಗಿನ ಗಂಡಸರು ಯಾರೂ ಹೊರಜಗುಲಿ ದಾಟಿ ಹೋಗುವುದಿಲ್ಲ. ಕಾಕಾ ಕೂಡ ಹೋದವರಲ್ಲ. ನಡುಮನೆಯಲ್ಲಿ ಒಬ್ಬ ಆಜಿ ಗೋಡೆಗೆ ತಲೆಯಾನಿಸಿ ಕುಳಿತಿದ್ದರು. ನೀರು ಕೊಟ್ಟು, ನಾನು ಗೋಡೆಯನ್ನೇ ನೋಡುತ್ತಿರುವುದನ್ನು ಕಂಡು, "ಕಾಯ್ ಪಾಹೂನ್ ರಾಹಿಲೀ ವ ಪೋರೀ?" ಎಂದರು. ಏನು ನೋಡುತ್ತೀಯೇ ಹುಡುಗಿ, ಎಂದು. ಅವರ ತಲೆಯ ಪಕ್ಕದಲ್ಲಿ ಗೋಡೆಯೊಳಗೆ ತೆಂಗಿನ ಕರಟದಷ್ಟು ಅಗಲದ ಒಂದು ಮರದ ಬಟ್ಟಲು ಹುದುಗಿತ್ತು, ನಡುವೆ ತೂತು, ಅಂಚು ಥೇಟ್ ಕಿವಿಯ ಹಾಗೆ ಸುತ್ತಿಕೊಂಡಿತ್ತು.

"ಹಾ ಕಾನ್," ಎಂದರು ಆಜಿ. ಇದು ಕಿವಿ. "ಮ್ಹಣೂನ್ ಕಾನ್‌ವಾಡಾ." ಅದಕ್ಕೇ ಇದು ಕಿವಿಯ ಮನೆ.

ಹೊರಗೆ ಗಂಡಸರು ಕುಳಿತು ಯಾವ ಹೊಲ ಮಾರುವುದು, ಯಾವ ಹುಡುಗಿಯನ್ನು ಎಲ್ಲಿಗೆ ಕೊಡುವುದು ಎಂದು ಮಾತಾಡುವಾಗ ಒಳಗಿನ ಸೊಸೆಯಂದಿರು ಸರದಿಯ ಮೇಲೆ ಇಲ್ಲಿ ಕುಳಿತು ಕೇಳುತ್ತಿದ್ದರಂತೆ. ಹೊರಗಿನ ಮರದ ಹೂಗಳಲ್ಲಿ ಮೂರನೆಯದರ ನಡುವೆ ಇದರ ಇನ್ನೊಂದು ಬಾಯಿ ಇದೆ. ಮನೆ ಕಟ್ಟಿಸಿದವನ ತಾಯಿ ಬಡಿಗನಿಗೆ ಗುಟ್ಟಾಗಿ ಹೇಳಿ ಮಾಡಿಸಿದ್ದಂತೆ. "ಆಮ್ಹಾಲಾ ತೋಂಡ್ ನವ್ಹತಂ ಪೋರೀ, ಕಾನ್ ಹೋತಾ," ಎಂದರು ಆಜಿ. ನಮಗೆ ಬಾಯಿ ಇರಲಿಲ್ಲ, ಕಿವಿ ಇತ್ತು. ಆಮೇಲೆ ನನ್ನ ಕತ್ತು ಹಿಡಿದು ಅದಕ್ಕೆ ಕಿವಿ ಹಚ್ಚಿಸಿದರು.

ಬಟ್ಟಲಿನ ತೂತಿನೊಳಗಿಂದ, ಹೊರಗೆ ನಿಂತಿದ್ದ ಕಾಕಾ ಅವರ ದನಿ, ನನ್ನ ಪಕ್ಕದಲ್ಲೇ ಕುಳಿತವರ ಹಾಗೆ, ಕೇಳಿಸಿತು: "ಇದು ಕಾನಡಾ ವಾಡಾ. ನಮ್ಮ ಮಂದಿ ಕಟ್ಟಿದ್ದು. ಕಂಡದ್ದು ಹೇಳಾಕತ್ತೇನಿ."

"ಹಾ ಮ್ಹಾತಾರಾ ದರ್ ರವಿವಾರೀ ಕಾಯ್ ಸಾಂಗತೋ ವ?" ಎಂದು ಆಜಿ ಕೇಳಿದರು. ಈ ಮುದುಕ ಪ್ರತಿ ಭಾನುವಾರ ಏನು ಹೇಳುತ್ತಾನೆ? ನಾನು ಲೋಟ ತೊಳೆದಿಟ್ಟು ದೇಚಮ್ಮ ಆಂಟಿಯನ್ನು ಹೊರಗೆ ಕರೆದುಕೊಂಡು ಬಂದೆ.

ಎರಡು ವಾರ ಯಾರಿಗೂ ಹೇಳಲಿಲ್ಲ. ಬಾಯಿಂದ ಹೇಳುವುದು ನನ್ನಿಂದಾಗದೆ, ನಾಲ್ಕು ಸಲ ಬರೆದು ಹರಿದು, ಐದನೆಯ ಸಲ ಒಂದು ಚೀಟಿ ಬರೆದು ಕಾಕಾ ಕೈಯಲ್ಲಿಟ್ಟೆ. ಅವರು ತಮ್ಮ ಮನೆಯ ಅಂಗಳದಲ್ಲಿ ನಿಂತೇ ಓದಿದರು. ಓದಿ ಮುಗಿಯುವ ಮೊದಲೇ ಒಂದು ಕೈ ಕಿಸೆಯೊಳಗೆ ಹೋಯಿತು.

"ಕಂಡೀಯೋ, ಕೇಳೀಯೋ?"

"ಕಂಡೇನ್ರಿ ಕಾಕಾ."

"ಬರೋಬರ್ ಕಂಡೀ?"

"ಹೂಂ ರೀ."

"ಚಲೋ, ನಡಿ," ಎಂದರು. ಚಪ್ಪಲಿ ಮೆಟ್ಟುವಾಗ ಎಡದ್ದನ್ನು ಬಲಗಾಲಿಗೆ ಹಾಕಿಕೊಂಡರು.

ಆಜಿ ಅವರನ್ನು ಒಳಗೆ ಬಿಟ್ಟರು, ಕಾಲು ತೊಳೆದು ಬರಬೇಕೆಂದು ಹೇಳಿ. ಕಾಕಾ ನೆಲದ ಮೇಲೆ ಕುಳಿತು ಗೋಡೆಗೆ ಕಿವಿ ಹಚ್ಚಿ, ನನ್ನನ್ನು ಹೊರಗೆ ಹೋಗಿ ಏನಾದರೂ ಮೆಲ್ಲಗೆ ಹೇಳೆಂದರು. ಏನು ಹೇಳುವುದೆಂದು ತಿಳಿಯದೆ ನಾನು ಮೂರನೆಯ ಹೂವಿನ ಮುಂದೆ ನಿಂತು, ಬಾಯಿ ಅರ್ಧ ಮಾತ್ರ ತೆರೆದು, ಹದಿನೇಳರ ಮಗ್ಗಿ ಹೇಳಿದೆ. ಒಳಗಿಂದ ದನಿ ಬಂತು: "ಹದಿನೇಳೇಳ್ಲೆ ನೂರಾ ಹತ್ತೊಂಬತ್ತು ತಂಗಿ, ನೂರಾ ಇಪ್ಪತ್ತಲ್ಲ." ಆಜಿ ನಕ್ಕದ್ದೂ ಕೇಳಿಸಿತು. ಆದರೆ ಹಿಂದಿರುಗುವಾಗ ಕಾಕಾ ಗಾಂಧಿ ಗೇಟಿನವರೆಗೂ ಎಲ್ಲರಂತೆ ಮುಂದಕ್ಕೆ ಮುಖ ಮಾಡಿ ನಡೆದರು. ಅಲ್ಲಿ ನಿಂತು, "ಈ ಮನೀ ಸಲುವಾಗಿ ಮಂದಿ ಬರ್ತಾರ. ಇದು ಹೋದ್ರ ಮಂದಿನೂ ಹೋಗ್ತಾರ. ತಿಳೀತಿಲ್ಲೋ?" ಎಂದರು. ನಾನು ತಲೆಯಾಡಿಸಿದೆ. ಅವರಿಗಿದ್ದ ಭಾನುವಾರಗಳೆಲ್ಲ ಆ ಒಂದು ಬಾಗಿಲಿಗೆ ತೂಗುಬಿದ್ದಿವೆ ಎಂದು ನನಗೂ ಗೊತ್ತಿತ್ತು. ಚೀಟಿ ಬರೆಯಬಾರದಿತ್ತೇನೋ ಎಂದು ಆ ರಾತ್ರಿ ಬಹಳ ಅನ್ನಿಸಿತು.

ನವೆಂಬರ್ ಒಂದು ಭಾನುವಾರವೇ ಬಂತು. ನಲವತ್ತು ಜನ ಸೇರಿದ್ದರು. ಕೆಂಪು ಬಟ್ಟೆ ಹೊದಿಸಿದ ಕಲ್ಲನ್ನು ಕೈಗಾಡಿಯಲ್ಲಿ ತಂದು ನಿಲ್ಲಿಸಿದ್ದರು. ಶಂಕರಪ್ಪನವರ ಕೈಯಲ್ಲಿ ಹಾರ. ಕಾಕಾ ಬಾಗಿಲ ಮುಂದೆ ಬಂದು ಎರಡೂ ಕೈ ಕಿಸೆಯಲ್ಲಿಟ್ಟುಕೊಂಡು ನಿಂತರು. ಬಲ್ಲವರಿಗೆ ಅಷ್ಟರಿಂದಲೇ ಗೊತ್ತಾಗಬೇಕಿತ್ತು.

"ಇದು ಕಾನಡಾ ವಾಡಾ ಅಂತ ಆರು ವರ್ಷ ಹೇಳೇನಿ. ಅದು ನಾ ತಪ್ಪ ಕೇಳಿದ್ದು," ಎಂದರು. ಆಮೇಲೆ ಒಂದು ಕೈ ಹೊರತೆಗೆದು ಮೂರನೆಯ ಹೂವಿನ ಮೇಲಿಟ್ಟು ಕಿವಿಯ ವಿಷಯವನ್ನೆಲ್ಲ ಹೇಳಿದರು.

ಶಂಕರಪ್ಪನವರ ಮುಖ ಕೆಂಪಾಗಿತ್ತು. "ಏನ್ರೀ ಗುರುಪಾದಪ್ಪನವರ, ಆರು ವರ್ಷ ನಮ್ಮ ಕಿವೀ ಮ್ಯಾಲೆ ಹೂವಿಟ್ರಿ, ಈಗ ಹೂವಿನ್ಯಾಗ ಕಿವಿ ತೋರಸ್ತೀರಿ!" ಎಂದರು. ಜನ ನಕ್ಕರು. ಕಾಕಾ ಕೂಡ ನಕ್ಕರು, ಮಾತು ಅಷ್ಟು ಚೆನ್ನಾಗಿತ್ತು.

"ಇರ್ಲಿ ಬಿಡ್ರಿ," ಎಂದು ಶಂಕರಪ್ಪನವರು ದನಿ ತಗ್ಗಿಸಿದರು. "ಕಲ್ಲು ಕೆತ್ತಿಸೇವಿ, ಮಂದಿ ಬಂದಾರ. ಮನಿಯವರು ಹೂಂ ಅಂದಾರ. ಅವರಿಗೇನು ಕನ್ನಡ ಓದಾಕ ಬರತೈತಿ? ಹಾಕಿಬಿಡೂಣು. ಯಾರಿಗೆ ನುಕ್ಸಾನ್ ಐತಿ ಹೇಳ್ರಿ?"

"ನೂರು ವರ್ಷಕ್ಕ ನನ್ನಂಥಾವ ಒಬ್ಬ ಬರ್ತಾನ, ಶಂಕರಪ್ಪ," ಎಂದರು ಕಾಕಾ. "ಬಂದು ಈ ಕಲ್ಲಿನ ಮ್ಯಾಲೆ ಕೈ ಇಡ್ತಾನ. ಇಟ್ಟು, ಇದು ಕಂಡದ್ದು, ಅಂತಾನ. ಅಂವಗ ತಪ್ಪು ಅಂತ ಹೇಳಾಕ ಆಗ ನಾ ಇರೂದಿಲ್ಲ."

ಹಾರವನ್ನು ಬಾಗಿಲಿಗೂ ಹಾಕಲಿಲ್ಲ, ಕಾಕಾ ಕೊರಳಿಗೂ ಹಾಕಲಿಲ್ಲ. ಕೈಗಾಡಿ ಹಿಂದಿರುಗಿತು. ಆ ಕಲ್ಲು ಈಗ ಗಾಂಧಿಬಾಗಿನಲ್ಲಿ ಶಂಕರಪ್ಪನವರ ಅಂಗಡಿಗೆ ಮೆಟ್ಟಿಲಾಗಿದೆ, ಅಕ್ಷರಗಳು ಕೆಳಮುಖವಾಗಿ. ಇದು ಕೇಳಿದ್ದು.

ಮುಂದಿನ ಭಾನುವಾರ, ನಡಿಗೆ ಶುರುವಾಗುವ ಗಾಂಧಿ ಗೇಟಿನ ಹತ್ತಿರ ನಾನು ಮತ್ತು ದೇಚಮ್ಮ ಆಂಟಿ ಇಬ್ಬರೇ ಇದ್ದೆವು. ಕಾಕಾ ಏಳು ಗಂಟೆಗೆ ಬಂದು, ಏಳೂ ಹತ್ತರವರೆಗೆ ರಸ್ತೆಯ ಎರಡೂ ಕಡೆ ನೋಡಿ, ಮತ್ತೆ ನಮ್ಮ ಕಡೆ ಮುಖ ಮಾಡಿ ಹಿಂದಕ್ಕೆ ಹೆಜ್ಜೆ ಹಾಕಿದರು. ನಲವತ್ತು ಜನರಿಗೆ ಕೇಳುವಷ್ಟೇ ಗಟ್ಟಿಯಾಗಿ ಹೇಳಿದರು. ಕಾನ್‌ವಾಡಾದ ಮುಂದೆ ಗೋಡೆಗೆ ಅಂಗೈ ಒತ್ತಿ, ಎಂದಿನ ಅದೇ ದನಿಯಲ್ಲಿ, "ಇಲ್ಲೆ ಗುರುಪಾದಪ್ಪ ಅನ್ನಾಂವ ಒಬ್ಬ ಆರು ವರ್ಷ ಮಂದಿಗೆ ತಪ್ಪು ಹೇಳಿದ. ಇದು ಕಂಡದ್ದು," ಎಂದರು. ತಮ್ಮ ತಪ್ಪನ್ನೂ ಅವರು ಆ ಮನೆಯ ಇತಿಹಾಸಕ್ಕೆ ಸೇರಿಸಿಬಿಟ್ಟಿದ್ದರು.

"ಬೇಜಾರಾಗಲ್ವಾ ಸರ್, ಇಬ್ಬರಿಗೋಸ್ಕರ ಇಷ್ಟೆಲ್ಲ ಹೇಳೋಕೆ?" ಎಂದು ದೇಚಮ್ಮ ಆಂಟಿ ಕೇಳಿದರು.

"ಇಬ್ಬರಲ್ಲರೀ," ಎಂದು ಕಾಕಾ ಮೂರನೆಯ ಹೂವಿನ ಕಡೆ ಕಣ್ಣು ತೋರಿಸಿದರು. "ಒಳಗ ಒಬ್ರು ಕುಂತಾರ." ಅವರ ಸಲುವಾಗಿ ಎಲ್ಲವನ್ನೂ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದರು.

ಇಂಥವರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರು ಇರುತ್ತಾರೆಂದು ನನಗೆ ತೋರುತ್ತದೆ. ಅವರು ಹುಟ್ಟಿದ ಊರು ಬೇರೆ, ಮನಸ್ಸಿಟ್ಟು ಕಾಯುವ ಊರು ಬೇರೆ. ಅವರನ್ನು ಯಾರೂ ನೇಮಿಸಿರುವುದಿಲ್ಲ, ಬಿಟ್ಟರೆ ಯಾರೂ ಏಕೆ ಎಂದು ಕೇಳುವುದಿಲ್ಲ. ಹಳೆಯದನ್ನು ಪ್ರೀತಿಸುವವರು ಬಹಳ ಜನ ಇದ್ದಾರೆ, ಆದರೆ ಬಹುಪಾಲು ಜನ ಅದರಲ್ಲಿ ತಮ್ಮನ್ನೇ ಹುಡುಕುತ್ತಾರೆ. ತಮ್ಮವರಲ್ಲದವರ ಮನೆಯನ್ನು ಅದು ಇದ್ದ ಹಾಗೆಯೇ ಇರಗೊಟ್ಟು, ಆಮೇಲೂ ಅದರ ಮುಂದೆ ಅಷ್ಟೇ ಅಕ್ಕರೆಯಿಂದ ನಿಲ್ಲಬಲ್ಲವರು ಕಡಿಮೆ. ಅಂಥವರ ಸುತ್ತ ಜನ ಸೇರುವುದೂ ಕರಗುವುದೂ ಇದ್ದದ್ದೇ. ಅವರ ಕೆಲಸವಂತೂ ಜನರನ್ನು ಎಣಿಸಿ ನಡೆಯುವುದಲ್ಲ.

ನಡುಮನೆಗೆ ಗಂಡಸರನ್ನು ಪ್ರತಿವಾರ ಬಿಡುವುದಾಗುವುದಿಲ್ಲವೆಂದು ಆಜಿ ಹೇಳಿದ್ದಾರೆ. ಹೆಂಗಸರು ಬಂದರೆ ಅಡ್ಡಿಯಿಲ್ಲ. ಅವರಿಗೆ ಒಳಗೆ ಹೇಳುವವರು ಯಾರೆಂದು ಕಾಕಾ ನನ್ನನ್ನು ನೋಡಿದರು, ಒತ್ತಾಯ ಮಾಡಲಿಲ್ಲ. ನಾನು ಕನ್ನಡದಲ್ಲಿ ಐದು, ಮರಾಠಿಯಲ್ಲಿ ಐದು ವಾಕ್ಯ ಸಿದ್ಧಮಾಡಿಕೊಂಡಿದ್ದೇನೆ. ಬರುವ ಭಾನುವಾರ ದೇಚಮ್ಮ ಆಂಟಿಯನ್ನೂ, ಬೇರೆ ಹೆಂಗಸರು ಬಂದರೆ ಅವರನ್ನೂ ಒಳಗೆ ಕರೆದುಕೊಂಡು ಹೋಗುತ್ತೇನೆ, ಆ ಗೋಡೆಗೆ ಕೈಯಿಟ್ಟು ಆ ಹತ್ತು ವಾಕ್ಯಗಳನ್ನು ಬಾಯಿಬಿಟ್ಟು ಹೇಳುತ್ತೇನೆ.