ಕೊಂಡಿಯ ಬಣ್ಣ

ನೆರಿಡಾಳಿಗೆ ಅಡಿಗೆರೆ ಕಂಡರೆ ಆಗುತ್ತಿರಲಿಲ್ಲ. ಟಾಸ್ಮೇನಿಯಾದ ಅಲ್ವರ್‌ಸ್ಟನ್‌ನಲ್ಲಿ ಶಾಲೆಯ ಗ್ರಂಥಾಲಯ ನೋಡಿಕೊಂಡು ನಿವೃತ್ತಳಾದ ಮೇಲೆ ಅವಳೊಂದು ಬ್ಲಾಗ್ ತೆರೆದಿದ್ದಳು. ಅಮ್ಮನ ಅಡುಗೆ, ಗಣಿಯೂರಿನ ಬಾಲ್ಯ, ಒಂದು ಬರಹದಿಂದ ಇನ್ನೊಂದಕ್ಕೆ ಕರೆದೊಯ್ಯುವ ಕೊಂಡಿಗಳು. ಕೊಂಡಿಗಳ ಢಾಳು ನೀಲಿ ಅವಳಿಗೆ ಸಂತೆಯ ಗದ್ದಲದಂತೆ ಕಂಡಿತ್ತು. ಟೆಂಪ್ಲೇಟಿನ ಕೋಡ್ ತೆರೆದು ಅಡಿಗೆರೆ ಅಳಿಸಿ, ಮಂಜಿನಂಥ ಬೂದು ಬಣ್ಣ ಕೊಟ್ಟಿದ್ದಳು. ಓದುಗರು ಹೊಗಳಿದ್ದರು.

ಆ ಬ್ಲಾಗನ್ನು ಎಲ್ಲರಿಗಿಂತ ಮೊದಲು ಓದುತ್ತಿದ್ದವಳು ಅಕ್ಕ ಕೊರಾಲಿ. ಕ್ವೀನ್ಸ್‌ಟೌನ್‌ನಲ್ಲಿ, ಅದೇ ಗಣಿಯೂರಿನ ತಾನು ಹುಟ್ಟಿದ ಬೀದಿಯಲ್ಲೇ ಇದ್ದಳು. ಅವಳ ನೋಟದ ನಡುಭಾಗ ಮಸುಕಾಗುತ್ತಿತ್ತು, ಅಂಚುಗಳಲ್ಲಷ್ಟೇ ಸ್ಪಷ್ಟವಿತ್ತು. ಡಾಕ್ಟರು ಇನ್ನು ಮಾಡುವುದೇನೂ ಇಲ್ಲ ಎಂದಿದ್ದರು.

ಚಳಿಗಾಲದ ಶುರುವಿನಲ್ಲಿ ನೆರಿಡಾ ಅಲ್ಲಿಗೆ ಹೋದಳು. ಚಹಾ ಹಿಡಿದು ಒಳಗೆ ಬಂದರೆ, ಅಕ್ಕ ಕಂಪ್ಯೂಟರಿನ ಮುಂದೆ ಮುಖ ಓರೆ ಮಾಡಿಕೊಂಡು, ಮೇಜು ಒರೆಸುವವಳಂತೆ ಮೌಸನ್ನು ಆಚೀಚೆ ಎಳೆಯುತ್ತಿದ್ದಳು.

"ಏನ್ ಮಾಡ್ತಿದೀಯೇ?"

"ನಿನ್ನ ಕೊಂಡಿ ಹುಡುಕ್ತಿದೀನಿ. ಬಾಣದ ಗುರುತು ಕೈಯ ಚಿತ್ರ ಆಗೋವರೆಗೂ ಹೀಗೇ ಉಜ್ಜೋದು. ಕೈ ಆಯ್ತು ಅಂದ್ರೆ ಕೊಂಡಿ ಸಿಕ್ತು ಅಂತ."

"ಯಾವಾಗಿಂದ?"

"ನೀನು ಬೂದಿ ಬಳಿದಾಗಿಂದ."

"ಹೇಳ್ಬಾರ್ದಿತ್ತಾ, ಮಾರಾಯ್ತಿ!"

"ಎಷ್ಟು ಆಸೆಯಿಂದ ಮಾಡಿದ್ದೆ ನೀನು. ಚೆನ್ನಾಗಿದೆ ಅಂತ ನಾನೇ ಹೊಗಳಿದ್ನಲ್ಲ," ಎಂದು ಕೊರಾಲಿ ನಕ್ಕಳು. ನೆರಿಡಾಳಿಗೆ ನಗು ಬರಲಿಲ್ಲ. ಅಕ್ಕನಿಗೆ ಕಾಣದ ಅಂದವನ್ನು ಅವಳಿಂದಲೇ ಹೊಗಳಿಸಿಕೊಂಡಿದ್ದೆನಲ್ಲ ಎಂದುಕೊಳ್ಳುತ್ತ ಚಹಾ ಮೇಜಿನ ಮೇಲಿಟ್ಟಳು.

ತನ್ನ ಮನೆಗೆ ಮರಳಿದವಳೇ ಕೋಟು ಕೂಡ ಬಿಚ್ಚದೆ ಕೋಡಿಗೆ ಕೈ ಹಾಕಿದಳು. ಅವಸರದಲ್ಲಿ ಒಂದು ಆವರಣ ಚಿಹ್ನೆ ಅಳಿಸಿಹೋಯಿತು. ಪುಟದ ಬಣ್ಣ, ಅಂಚು, ಸಾಲುಗಳ ಅಳತೆ ಎಲ್ಲ ಕಳಚಿಬಿತ್ತು. ಗಂಡ ಕ್ಲೈಡ್ ಹಿಂದಿನಿಂದ ಇಣುಕಿ, "ಏನೇ, ನಿನ್ನ ಬ್ಲಾಗಿನ ಮೈಮೇಲೆ ಬಟ್ಟೇನೇ ಇಲ್ವಲ್ಲ!" ಎಂದ. ಅವಳ ಕಣ್ಣು ತುಂಬಿದ್ದು ಕಂಡು ಪಕ್ಕದಲ್ಲಿ ಕುಳಿತ. ಇಬ್ಬರೂ ಸಾಲು ಸಾಲಾಗಿ ಹುಡುಕಿ ಆ ಚಿಹ್ನೆಯನ್ನು ಸರಿಪಡಿಸಿದರು. ಕೊಂಡಿಗಳಿಗೆ ಕಡುನೀಲಿ, ದಪ್ಪ ಅಕ್ಷರ, ದಪ್ಪ ಅಡಿಗೆರೆ. ಮೌಸ್ ತಾಗಿದರೆ ಹಿಂದೆ ಹಳದಿ.

"ಅಂಗಡಿಯ ರಿಯಾಯಿತಿ ಬೋರ್ಡಿನಂತಿದೆ," ಎಂದು ಓದುಗನೊಬ್ಬ ಬರೆದ. ನೆರಿಡಾ ಬಣ್ಣ ಬದಲಿಸಲಿಲ್ಲ.

ಕೊರಾಲಿ ಫೋನ್ ಮಾಡಿದಳು. "ಸಿಕ್ಕಾಪಟ್ಟೆ ಕೊಂಡಿಗಳಿವೆಯಲ್ಲೇ! ಅರ್ಧ ಬ್ಲಾಗ್ ನಾನು ಓದೇ ಇರ್ಲಿಲ್ಲ."

ಆ ಚಳಿಗಾಲವೆಲ್ಲ ಅವಳು ಓದಿದಳು. ಅಪ್ಪ ಗಣಿಯಿಂದ ಬರುತ್ತಿದ್ದ ದಾರಿ, ಅಮ್ಮ ಬೇಯಿಸುತ್ತಿದ್ದ ಸ್ಕಾಲಪ್ ಎಂಬ ಚಿಪ್ಪುಮೀನಿನ ಪೈ ಎಲ್ಲದಕ್ಕೂ ತಕರಾರು ತೆಗೆದಳು. "ಪೈಗೆ ಕರ್ರಿ ಪೌಡರ್ ಹಾಕೋದು ಬರೆಯೋಕೆ ಮರ್ತಿದೀಯ," ಎಂದು ಬೈದಳು. ನೆರಿಡಾ ತಿದ್ದಿದಳು.

ವಸಂತ ಬಂದಾಗ ಅಕ್ಕನ ಫೋನ್ ಕರೆಗಳು ನಿಂತವು. ಕೊನೆಗೆ ನೆರಿಡಾಳೇ ಕರೆ ಮಾಡಿದಳು.

"ಈಗ ನೀಲಿನೂ ಕಾಣ್ತಿಲ್ಲ ಕಣೇ," ಎಂದಳು ಕೊರಾಲಿ, ಹಾಲು ಮುಗಿದಿದೆ ಎನ್ನುವ ದನಿಯಲ್ಲಿ.

ಇನ್ನು ಹಳೆಯ ಬಣ್ಣಕ್ಕೇ ಮರಳಬಹುದಲ್ಲ ಎಂದು ಕ್ಲೈಡ್ ಕೇಳಿದ. ನೆರಿಡಾ ತಲೆಯಾಡಿಸಿ ಒಲ್ಲೆ ಎಂದಳು. ಅಂದಿನಿಂದ ಭಾನುವಾರಗಳಂದು ಅವಳೇ ಫೋನಿನಲ್ಲಿ ಅಕ್ಕನಿಗೆ ಬ್ಲಾಗ್ ಓದಿ ಹೇಳತೊಡಗಿದಳು.

"ಕೊಂಡಿ ಬಂದ್ರೆ ಹೇಳು. ಸುಮ್ನೆ ದಾಟಿಸ್ಬೇಡ," ಎಂದಳು ಅಕ್ಕ.

"ಇಗೋ ಬಂತು. ಅಮ್ಮನ ಏಪ್ರಿಕಾಟ್ ಜಾಮ್."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಒತ್ತು," ಎಂದಳು ಕೊರಾಲಿ.

ನೆರಿಡಾ ಒತ್ತಿದಳು. ಪುಟ ತೆರೆದುಕೊಂಡಿತು. ಅವಳು ಓದಲು ಶುರುಮಾಡಿದಳು.